ಒಂದು ಚಮಚ ಎಣ್ಣೆ

"ಹಿಡ್ಕೊಳ್ಳೇ, ಹಿಡ್ಕೋ! ಗೇಟಿಗೆ ಹೋಗ್ತಿದೆ!"

ಕಬ್ಬಿಣ ಕಡೆಯುವ ಲೇತ್ ಅಂಗಡಿಯಿಟ್ಟಿದ್ದ ಲೇತ್ ಚಿಕ್ಕಪ್ಪ ಕೂಗಿಕೊಂಡಾಗ ಮಗಳು ಎರಡೂ ಹಿಮ್ಮಡಿಗಳನ್ನು ನೆಲಕ್ಕೂರಿ ಕಾರಿನ ಮುಂದಿನ ಬಂಪರನ್ನು ತನ್ನತ್ತ ಜಗ್ಗಿದಳು. ಹಳೆಯ ಹಸಿರು ಕಾರು ಶೆಡ್ಡಿನ ಹೊಸ್ತಿಲು ಇಳಿದು, ಇಳಿಜಾರು ಸಿಕ್ಕ ಹುಮ್ಮಸ್ಸಿನಲ್ಲಿ ಎರಡು ಮಾರು ಹಿಂದಕ್ಕೋಡಿತು. ಬಸ್ ಡಿಪೋದಿಂದ ಬಂದಿದ್ದ ಇಬ್ಬರು ಡ್ರೈವರುಗಳು ಚಕ್ರಕ್ಕೆ ಮರದ ತುಂಡು ಕೊಟ್ಟ ಮೇಲೆ, ಗೇಟಿಗೆ ಒಂದು ಗೇಣು ಉಳಿಸಿ ನಿಂತಿತು. ಲೇತ್ ಚಿಕ್ಕಪ್ಪನ ಅರ್ಧ ಮೈ ಇನ್ನೂ ಕಿಟಕಿಯ ಒಳಗೇ ಇತ್ತು. ಕೈ ಸ್ಟೀರಿಂಗಿನ ಮೇಲೆ, ಹೊಟ್ಟೆ ಬಾಗಿಲಿನ ಮೇಲೆ.

"ಒಳಗೆ ಕೂತು ಬ್ರೇಕ್ ಹಿಡೀಬಾರದಾ ಚಿಕ್ಕಪ್ಪ?"

"ಎಲ್ಲಿ ಅಂತ ಕೂರ್ಲಿ? ಈ ಸೀಟು ನೋಡು, ಸ್ಟೀರಿಂಗಿನ ಕಿವೀಲಿ ಗುಟ್ಟು ಹೇಳೋ ಹಾಗೆ ಮುಂದೆ ಬಂದು ಕೂತಿದೆ. ತುಕ್ಕು ಹಿಡಿದು ಕಚ್ಕೊಂಡಿದೆ ಅಂತಿದ್ದ ನಿಮ್ಮಪ್ಪ. ನೀನು ಕೂತ್ಕೋ ಅಂದ್ರೆ ನೀನೂ ಒಲ್ಲೆ ಅಂದೆ."

"ನಾನು ತಳ್ತೀನಿ ಅಂದ್ನಲ್ಲ."

ಅವಳು ಡ್ರೈವರು. ಅಪ್ಪ ಇಂಜಿನ್ ಬಿಚ್ಚಿ ಜೋಡಿಸುತ್ತಿದ್ದ ಡಿಪೋದಿಂದಲೇ ದಿನವೂ ಏಳನೇ ನಂಬರಿನ ಬಸ್ಸನ್ನು ಹೊರಗೆ ತೆಗೆಯುವವಳು. ಊರಿನ ಯಾವ ಗಾಡಿ ಕೊಟ್ಟರೂ ಓಡಿಸುವಳು. ಆದರೆ ಮನೆಯ ಈ ಒಂದು ಕಾರಿನಲ್ಲಿ ಕೂತು ಇಪ್ಪತ್ತೊಂದು ವರ್ಷವಾಗಿತ್ತು. ಯಾರೂ ಅದನ್ನು ಗಮನಿಸಿರಲಿಲ್ಲ. ಓಡದ ಕಾರಿನಲ್ಲಿ ಯಾರು ಕೂತರು, ಯಾರು ಬಿಟ್ಟರು ಎಂದು ಯಾರಾದರೂ ಯಾಕೆ ಎಣಿಸಬೇಕು?

ಶೆಡ್ಡು ಖಾಲಿ ಮಾಡಿಸಿದ್ದು ಅಮ್ಮ. ಹತ್ತು ಗಂಟೆಗೆ ಆಸ್ಪತ್ರೆಯಿಂದ ಅಪ್ಪ ಬರುವವನಿದ್ದ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಮಂಚ, ನಾಲ್ಕು ಕುರ್ಚಿ ಹಿಡಿದರೆ ಗಾಳಿಗೂ ಜಾಗವಿಲ್ಲ. "ಶೆಡ್ಡಲ್ಲೇ ಮಲಗಿಸಿ," ಎಂದಿದ್ದಳು ಅಮ್ಮ, ಯಾರ ಮುಖವನ್ನೂ ನೋಡದೆ. "ಬದುಕಿದ್ದೂ ಅಲ್ಲೇ ಅಲ್ವಾ? ನನ್ನ ಸವತಿ ಒಂದು ದಿನ ಬಿಸಿಲಲ್ಲಿ ನಿಂತಿರ್ಲಿ. ಸವೆದು ಹೋಗಲ್ಲ."

ಆ ಕಾರಿಗೆ ಅಪ್ಪ ಇಟ್ಟ ಹೆಸರು ಗಿಣಿ. ಅಮ್ಮ ಇಟ್ಟ ಹೆಸರು ಸವತಿ. ಅಪ್ಪನ ಅಕ್ಕ, ಅಂದರೆ ಮಗಳಿಗೆ ಸೋದರತ್ತೆ, ಈಗ ಗೇಟಿನ ಬಳಿ ನಿಂತು ಕಾರಿನ ನೆತ್ತಿ ಸವರಿ ಕಣ್ಣೊರೆಸಿಕೊಂಡಳು.

"ಕತೇಲಿ ಇರಲ್ವೇನೇ, ಏಳು ಸಮುದ್ರದಾಚೆ ಗಿಣಿಯೊಳಗೆ ಪ್ರಾಣ ಬಚ್ಚಿಟ್ಟವನು? ನಮ್ಮ ತಮ್ಮನದೂ ಹಂಗೇ. ಗಿಣಿ ಇಲ್ಲೇ ಇದೆ, ಅವನೇ ಹಾರಿಹೋದ."

ಶೆಡ್ಡು ಗುಡಿಸಲು ಮಗಳು ಒಳಗೆ ಬಂದಳು. ಕಾರು ನಿಂತಿದ್ದ ಜಾಗದಲ್ಲಿ ನಾಲ್ಕು ಚಕ್ರದ ಗುರುತು, ನಡುವೆ ಎಣ್ಣೆ ಕುಡಿದು ಕಪ್ಪಾದ ನೆಲ. ಗೋಡೆಯಲ್ಲಿ ಒಂದೊಂದು ಸ್ಪ್ಯಾನರಿಗೂ ಬಣ್ಣದಲ್ಲಿ ಬರೆದ ನೆರಳು. ಯಾವುದು ಎಲ್ಲಿಗೆ ಹೋಗಬೇಕೆಂದು ಕುರುಡನೂ ಹೇಳಬಹುದಿತ್ತು. ಹಲಗೆಯ ಮೇಲೆ ಏಳು ನೋಟ್‌ಬುಕ್ಕುಗಳು. ಅವುಗಳ ಪಕ್ಕದಲ್ಲಿ, ಬಟ್ಟೆಯ ಮೇಲೆ, ಬಸವನಹುಳುವಿನ ಚಿಪ್ಪಿನಂಥ ಕಬ್ಬಿಣದ ವಸ್ತು.

ಅದನ್ನವಳು ನೋಡಲಿಲ್ಲ. ನೋಡದೆಯೇ ಅದರ ಸುತ್ತ ಗುಡಿಸಿದಳು.

*

ಅವಳಿಗೆ ಹದಿಮೂರಾಗಿದ್ದಾಗ ಅಡುಗೆಮನೆಯ ಮೇಜಿನ ಮೇಲೆ ಅಪ್ಪ ಮೊದಲನೆಯ ನೋಟ್‌ಬುಕ್ಕು ಬಿಡಿಸಿದ್ದ. ಬಿದಿರಿನ ಗಣೆಯಂಥ ಉದ್ದನೆಯ ಮನುಷ್ಯ. ಮೇಜಿನ ಕೆಳಗೆ ಕಾಲು ಇಡಲು ಜಾಗ ಸಾಲದೆ ಓರೆಯಾಗಿ ಕೂರುತ್ತಿದ್ದ.

"ಟರ್ಬೋ ಅಂದ್ರೆ ಏನು ಹೇಳು?"

"ಗಾಳಿ ಊದೋದು."

"ಯಾರು ಊದೋದು?"

ಅವಳು ತಲೆ ಕೆರೆದುಕೊಂಡಳು. ಅಪ್ಪ ಅವಳ ಅಂಗೈಯನ್ನು ತನ್ನ ಬಾಯಿಯ ಮುಂದೆ ಹಿಡಿದು ಉಸಿರು ಬಿಟ್ಟ. "ಇಂಜಿನ್ ಬಿಡೋ ಉಸಿರಿದೆಯಲ್ಲ, ಹೊಗೆ, ಅದು ಸುಮ್ನೆ ಹಾಳಾಗಿ ಹೋಗತ್ತೆ. ಅದರ ದಾರೀಲಿ ಒಂದು ಪುಟ್ಟ ಚಕ್ರ ಇಡೋಣ. ಹೊಗೆ ಹೋಗ್ತಾ ಹೋಗ್ತಾ ಚಕ್ರ ತಿರುಗಿಸತ್ತೆ. ಅದೇ ಕಡ್ಡಿಯ ಈ ತುದೀಲಿ ಇನ್ನೊಂದು ಚಕ್ರ. ಅದು ಹೊಸ ಗಾಳೀನ ಇಂಜಿನ್ ಒಳಗೆ ತಳ್ಳತ್ತೆ. ಬಿಟ್ಟ ಉಸಿರೇ ಹೊಸ ಉಸಿರು ತರತ್ತೆ. ಅಜ್ಜಿ ಕತೇಲೂ ಇಂಥ ಮಾಯ ಇರ್ಲಿಲ್ಲ, ಅಲ್ವಾ?"

ವರ್ಷವಿಡೀ ಆ ಮಾಯದ ಸಿದ್ಧತೆ ನಡೆಯಿತು. ಗಾಳಿ ಹೆಚ್ಚು ನುಗ್ಗಿದರೆ ಹಳೆಯ ಇಂಜಿನ್ನಿನ ಎದೆ ಒಡೆಯುತ್ತದೆ. ಅದಕ್ಕೆ ಪಿಸ್ಟನ್ನಿನ ತಲೆಯನ್ನು ಲೇತ್ ಚಿಕ್ಕಪ್ಪನ ಯಂತ್ರದಲ್ಲಿ ಕೂದಲೆಳೆಯಷ್ಟು ತೆಗೆಸಬೇಕು. ತಳ್ಳಿದ ಗಾಳಿ ಬಿಸಿಯಾಗುತ್ತದೆ. ತಂಪು ಮಾಡಲು ಮುಂದೆ ಒಂದು ಜಾಲರಿ ಬೇಕು. ಅಪ್ಪ ಹೇಳುತ್ತಿದ್ದ, ಅವಳು ಬರೆಯುತ್ತಿದ್ದಳು. ಅವಳ ಅಕ್ಷರ ದುಂಡಗೆ. ನಲವತ್ತು ಹೆಜ್ಜೆಯ ಯೋಜನೆ. ಬಸವನಹುಳುವಿನ ಚಿಪ್ಪಿನಂಥ ಆ ಟರ್ಬೋ ಸಿಕ್ಕಿದ್ದು ಗುಜರಿಯವನ ಹತ್ತಿರ. ಅವನ ಕ್ರೇನಿನ ಇಂಜಿನ್ನನ್ನು ಹನ್ನೊಂದು ಭಾನುವಾರ ಕೂತು ಸರಿಮಾಡಿಕೊಟ್ಟು ಅಪ್ಪ ಅದನ್ನು ತಂದಿದ್ದ.

ಮೂವತ್ತೆಂಟನೆಯ ಹೆಜ್ಜೆ: ಟರ್ಬೋದ ಗಂಟಲಿಗೆ ಒಂದು ಚಮಚ ಎಣ್ಣೆ ಹನಿಸುವುದು. ಮೂವತ್ತೊಂಬತ್ತು: ಇಂಜಿನ್ನಿನಿಂದ ಅದಕ್ಕೆ ಎಣ್ಣೆ ಕೊಡುವ ಪೈಪು ಕಟ್ಟುವುದು. "ಆ ಕಡ್ಡಿ ತಿರುಗೋದು ಎಣ್ಣೆ ಮೇಲೆ, ಕಬ್ಬಿಣದ ಮೇಲಲ್ಲ," ಎಂದಿದ್ದ ಅಪ್ಪ. "ಒಣಗಂಟಲಲ್ಲಿ ತಿರುಗಿದ್ರೆ ಕ್ಷಣದಲ್ಲಿ ಪ್ರಾಣ ಬಿಡತ್ತೆ."

ನಲವತ್ತು: ಕೀ ತಿರುಗಿಸುವುದು. ಅದರ ಮುಂದೆ ಅಪ್ಪನೇ ತನ್ನ ಕೋಳಿಕಾಲಿನ ಅಕ್ಷರದಲ್ಲಿ ಬರೆದಿದ್ದ: ಮಗಳು.

*

ಹನ್ನೊಂದು ಗಂಟೆಗೆ ಶೆಡ್ಡು ತುಂಬಿತು. ಬೆಂಚಿನ ಮೇಲೆ ಕೆಲವರು, ಟಯರಿನ ಮೇಲೆ ಕೆಲವರು, ಉಳಿದವರು ಗೋಡೆಗೊರಗಿ. ಅಪ್ಪ ನಡುವೆ, ಎಣ್ಣೆಕಪ್ಪು ನೆಲದ ಮೇಲೆ ಹಾಸಿದ ಹೊಸ ಬಟ್ಟೆಯ ಮೇಲಿನ ಪೆಟ್ಟಿಗೆಯಲ್ಲಿ. ಅದು ಕೂಡ ಅವನಿಗೆ ಎರಡಂಗುಲ ಸಾಲದೆ ಕಾಲನ್ನು ತುಸು ಮಡಿಸಿದ್ದರು.

ಸಾವಿನ ಮನೆಯ ಮಾತು ಒಲೆಯ ಕಟ್ಟಿಗೆಯಂತೆ. ಮೊದಲು ಹೊಗೆ, ಆಮೇಲೆ ಉರಿ. ಕೆಮ್ಮು, ನಿಟ್ಟುಸಿರು ಮುಗಿದ ಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು.

"ಶಬ್ದ ಕೇಳಿ ರೋಗ ಹೇಳ್ತಿದ್ದ," ಎಂದ ಒಬ್ಬ ಡ್ರೈವರು. "ನಾನು ಗೇಟಿಗೆ ಬರೋ ಮುಂಚೆ, 'ಎರಡನೇ ಸಿಲಿಂಡರ್ ಅಳ್ತಾ ಇದೆ ಕಣಯ್ಯ' ಅಂತಿದ್ದ."

"ಅಷ್ಟಿದ್ದೂ ತನ್ನ ಗಿಣಿ ಹಾರಿಸ್ಲಿಲ್ಲ," ಎಂದ ಇನ್ನೊಬ್ಬ. "ಇಪ್ಪತ್ತು ವರ್ಷ ಪ್ಲಾನು. ಕಾರೊಳಗೆ ಮಿಡತೆ ಥರ ಮಂಡಿ ಮಡಿಚ್ಕೊಂಡು ಕೂತು ಪ್ಲಾನು."

ಎಲ್ಲರೂ ಸಣ್ಣಗೆ ನಕ್ಕರು. ಅಮ್ಮನ ತುಟಿಯೂ ಅಲುಗಿತು.

ಡಿಪೋದ ಹಳೆಯ ಫೋರ್ಮನ್ನು ಕೋಲೂರಿ ಎದ್ದು ನಿಂತ. ನಿವೃತ್ತನಾಗಿ ಹತ್ತು ವರ್ಷವಾಗಿದ್ದರೂ ಅವನು ಎದ್ದರೆ ಉಳಿದವರು ಇನ್ನೂ ಬೆನ್ನು ನೆಟ್ಟಗೆ ಮಾಡುತ್ತಿದ್ದರು.

"ನಮ್ಮ ಒಣಗಂಟಲು ಹೋದ," ಎಂದ. "ಆ ಹೆಸರಿಟ್ಟಿದ್ದು ನಾನೇ. ಆ ಭಾನುವಾರ ಎಲ್ಲರನ್ನೂ ಕರೆದಿದ್ದ, ಗಿಣಿ ಹಾಡತ್ತೆ ಬನ್ನಿ ಅಂತ. ಕೀ ತಿರುಗ್ಸಿದ. ಹಾಡೆಲ್ಲಿ? ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚ್ತು! ಬಿಚ್ಚಿ ನೋಡಿದ್ರೆ ಒಳಗೆಲ್ಲ ಗೀರು. ಏನಯ್ಯಾ ಅಂದ್ರೆ, 'ಒಂದು ಚಮಚ ಎಣ್ಣೆ ಹನಿಸೋದು ಮರೆತೆ ಸಾರ್' ಅಂದ. ಅಂಥಾ ಮೇಸ್ತ್ರಿ! ಹೊಸದಾಗಿ ಸೇರಿದವರಿಗೆಲ್ಲ ಈ ಕತೆ ಹೇಳೇ ಪಾಠ ಶುರು ಮಾಡ್ತಿದ್ದೆ. ಎಂಥಾ ಕೈಗೂ ಒಂದು ಮರೆವು ಬರತ್ತೆ ಅಂತ." ಅವನು ಕೋಲನ್ನು ಇನ್ನೊಂದು ಕೈಗೆ ಬದಲಿಸಿದ. "ಒಳ್ಳೇ ಕೈ. ಒಂದೇ ಒಂದು ತಪ್ಪು."

ಮಗಳ ಕೈಯಲ್ಲಿ ಏಳನೆಯ ನೋಟ್‌ಬುಕ್ಕು ಇತ್ತು. ಬೆಳಗಿನಿಂದ ಅವಳು ಅದನ್ನು ತೆರೆದು ತೆರೆದು ಮುಚ್ಚಿದ್ದಳು. ಎರಡನೆಯದರಿಂದ ಏಳನೆಯದರವರೆಗೆ ಎಲ್ಲ ಅಪ್ಪನದೇ ಅಕ್ಷರ. ಪ್ರತಿ ಯೋಜನೆಯಲ್ಲೂ ಈಗ ಎಣ್ಣೆಯೇ ಒಂದನೆಯ ಹೆಜ್ಜೆ. ಅದರ ಪಕ್ಕದಲ್ಲಿ ಚೌಕದೊಳಗೆ ಮತ್ತೆ: ಎಣ್ಣೆ. ಮುಂದಿನ ಪುಟದಲ್ಲೂ ಎಣ್ಣೆ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧದಾರಿಯಿಂದ ಮತ್ತೆ ಮತ್ತೆ ತಿರುಗಿ ಬರುವವರ ಹಾಗೆ.

ಅಪ್ಪ ತನ್ನ ಕೈಯನ್ನೇ ನಂಬದವನಾಗಿ ಹೋದನೆ?

*

ಆ ಭಾನುವಾರಕ್ಕೆ ಮುಂಚಿನ ಶುಕ್ರವಾರ ಊಟದ ಹೊತ್ತಿಗೆ ಅಪ್ಪ ಹೇಳಿದ್ದ, "ಕೀ ಫೋರ್ಮನ್ ಸಾರ್ ಕೈಲಿ ತಿರುಗಿಸೋಣ. ದೊಡ್ಡವರು, ಕರೆದು ಮರ್ಯಾದೆ ಮಾಡಿದ ಹಾಗಾಗತ್ತೆ. ನೀನು ಆಮೇಲೆ ದಿನಾ ತಿರುಗಿಸ್ಬಹುದಲ್ಲ ಮಗಾ."

ಅವಳು "ಹೂಂ" ಅಂದಿದ್ದಳು. ತಟ್ಟೆಯಿಂದ ತಲೆ ಎತ್ತದೆ.

ಶನಿವಾರ ಮಧ್ಯಾಹ್ನ ಅಪ್ಪ ಆ ಎಣ್ಣೆಯ ಪೈಪು ಬಗ್ಗಿಸಿಕೊಂಡು ಬರಲು ಲೇತ್ ಚಿಕ್ಕಪ್ಪನಲ್ಲಿಗೆ ಹೋದ. ಮೂವತ್ತೇಳು ಹೆಜ್ಜೆ ಮುಗಿದಿದ್ದವು. ಪೈಪು ಬರಬೇಕಾದ ಎರಡು ಬಾಯಿಗಳಲ್ಲಿ ಒಂದಕ್ಕೆ ಬೋಲ್ಟು, ಒಂದಕ್ಕೆ ಬಟ್ಟೆ ಬಿಗಿದಿತ್ತು. ಟರ್ಬೋಗೆ ಇನ್ನೂ ಎಣ್ಣೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಯೋಜನೆ ಬರೆದವಳೇ ಅವಳು. ಆದರೆ ಹದಿನಾಲ್ಕರ ಸಿಟ್ಟಿಗೆ ಲೆಕ್ಕ ಬರುವುದಿಲ್ಲ. ಒಂದು ಸಲ, ಒಂದೇ ಸಲ, ಎಲ್ಲರಿಗಿಂತ ಮೊದಲು ಕೇಳಿಬಿಡುತ್ತೇನೆ ಎಂದುಕೊಂಡಳು.

ಕ್ಲಚ್ಚಿಗೆ ಕಾಲು ಎಟುಕಲಿಲ್ಲ. ಸೀಟು ಮುಂದೆ ಎಳೆದುಕೊಂಡಳು. ಕೀ ತಿರುಗಿಸಿದಳು.

ಎಂಥಾ ಸಿಳ್ಳು! ಕಾಡಿನಾಚೆ ಯಾರೋ ಕರೆದ ಹಾಗೆ. ಅವಳು ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದಳು, ಸಿಳ್ಳು ಇನ್ನಷ್ಟು ಮೇಲೇರಿತು, ಮತ್ತೆ ಒತ್ತಿದಳು. ಆಗ ಸಿಳ್ಳಿನೊಳಗೆ ಮರಳು ಸೇರಿಕೊಂಡಿತು. ಗರಗರ. ಆಮೇಲೆ ಕಿರುಚು. ಕೀ ಹಿಂದಕ್ಕೆ ತಿರುಗಿಸಿ, ಬಾಗಿಲು ಹಾಕಿ, ಓಡಿ ಬಂದು, ಹೊದ್ದು ಮಲಗಿದಳು.

ಭಾನುವಾರ ಅವಳು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಅಪ್ಪ ಚಮಚದಲ್ಲಿ ಎಣ್ಣೆ ತೆಗೆದು ಹನಿಸಿದ್ದನ್ನು ಕಣ್ಣಾರೆ ಕಂಡಳು. "ಸಾರಿನ ಚಮಚವೇ ಬೇಕಿತ್ತಾ?" ಎಂದು ಅಮ್ಮ ಬೈದದ್ದನ್ನೂ ಕೇಳಿದಳು. ಪೈಪು ಕಟ್ಟಿದ್ದಾಯಿತು. ಜನ ಸೇರಿದರು. ಫೋರ್ಮನ್ನು ಬಾಗಿಲಿಗೆ ಕೈ ಹಾಕಿದಾಗ ಅಪ್ಪ ಒಮ್ಮೆ ಕಾರಿನೊಳಗೆ ನೋಡಿದ. ಆಮೇಲೆ, "ತಡೀರಿ ಸಾರ್, ಮೊದಲ ಸಲ ನಾನೇ," ಎಂದು ಬಾಗಿಲು ತೆರೆಯದೆ ಕಿಟಕಿಯಿಂದ ಉದ್ದನೆಯ ಕೈ ಚಾಚಿ ಕೀ ತಿರುಗಿಸಿದ.

ಎಲ್ಲ ಮುಗಿದ ಮೇಲೆ, "ಎಣ್ಣೆ ಹನಿಸೋದು ಮರೆತೆ," ಎಂದ. ಅವಳು ಬಾಗಿಲ ಹಿಂದೆ ನಿಂತು ಕೇಳಿದಳು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆಗಳು ಎಷ್ಟು ಬಂದರೂ ಅಪ್ಪ ಮತ್ತೆ ಆ ಟರ್ಬೋ ಜೋಡಿಸಲಿಲ್ಲ, ಬೇರೆಯದನ್ನು ತರಲಿಲ್ಲ. "ಮೊದಲು ಪ್ಲಾನ್ ಸರಿ ಆಗ್ಲಿ," ಅನ್ನುತ್ತಿದ್ದ.

*

"ಹನಿಸಿದ್ರು."

ಯಾರ ದನಿ ಎಂದು ಅವಳಿಗೇ ಮೊದಲು ತಿಳಿಯಲಿಲ್ಲ. ಶೆಡ್ಡು ಅವಳ ಕಡೆ ತಿರುಗಿತು.

"ಏನಮ್ಮ?" ಎಂದ ಫೋರ್ಮನ್ನು.

"ಅಪ್ಪ ಎಣ್ಣೆ ಹನಿಸಿದ್ರು ಸಾರ್. ನಾನು ನೋಡಿದ್ದೆ. ಹಿಂದಿನ ದಿನ ಪೈಪು ಇಲ್ದೇ ನಾನು ಸ್ಟಾರ್ಟ್ ಮಾಡಿದ್ದೆ. ಅದು ಅವತ್ತೇ ಹಾಳಾಗಿತ್ತು. ನಾನು ಹಾಳು ಮಾಡಿದ್ದು. ಅಪ್ಪ ಏನೂ ಮರೆತಿರ್ಲಿಲ್ಲ." ನೋಟ್‌ಬುಕ್ಕನ್ನು ಅವಳು ಎದೆಗೆ ಅವುಚಿ ಹಿಡಿದಿದ್ದಳು. "ಹೆದ್ರಿಕೆ ಆಯ್ತು. ಹೇಳ್ಲಿಲ್ಲ. ಆಮೇಲೆ... ಆಮೇಲೆ ಹೇಳೋಕೆ ತುಂಬಾ ತಡ ಆಗೋಯ್ತು."

ಹೊರಗೆ ರಸ್ತೆಯಲ್ಲಿ ಯಾವುದೋ ಲಾರಿ ಗೇರು ಬದಲಿಸಿಕೊಂಡು ಹೋಯಿತು. ಎರಡನೆಯ ಸಿಲಿಂಡರ್ ಅಳುತ್ತಿತ್ತೋ ಏನೋ, ಹೇಳುವವನಿರಲಿಲ್ಲ.

"ಈಗ ಹೇಳಿ ಏನು ಬಂತೇ?" ಎಂದಳು ಅತ್ತೆ. ಗದರಿಕೆಯಲ್ಲ, ಬರಿಯ ದಣಿವು.

ಫೋರ್ಮನ್ನು ಕೋಲನ್ನು ಗೋಡೆಗಾನಿಸಿದ. ಮೆಲ್ಲನೆ ನಡೆದು ಪೆಟ್ಟಿಗೆಯ ಬಳಿ ಬಗ್ಗಿದ. ಬಗ್ಗಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಡಿಪೋದ ರಿಜಿಸ್ಟರಿನಲ್ಲಿ ಬಿಟ್ಟರೆ ಬೇರೆಲ್ಲೂ ಇಪ್ಪತ್ತೊಂದು ವರ್ಷ ಯಾರೂ ಕರೆಯದಿದ್ದ ಅಪ್ಪನ ನಿಜವಾದ ಹೆಸರನ್ನು ಅವನ ಕಿವಿಯ ಬಳಿ ಒಮ್ಮೆ ಹೇಳಿದ. "ತಪ್ಪಾಯ್ತು ಕಣೋ," ಎಂದ.

ಮಗಳು ಅಮ್ಮನ ಕಡೆ ನೋಡಿದಳು. ಬೈದಿದ್ದರೆ ಹಗುರವಾಗುತ್ತಿತ್ತು. ಅಮ್ಮ ಬೈಯಲಿಲ್ಲ.

"ಅವರಿಗೆ ಗೊತ್ತಿತ್ತಾ?" ಎಂದು ಮಾತ್ರ ಕೇಳಿದಳು.

"ಗೊತ್ತಿಲ್ಲಮ್ಮ."

ಅಮ್ಮ ಪೆಟ್ಟಿಗೆಯೊಳಗಿನ ಕೈಗಳನ್ನು ನೋಡುತ್ತಾ ಕೂತಳು. "ಚಮಚ ತೊಳೆದಿದ್ದು ನಾನು," ಎಂದಳು ಕೊನೆಗೆ. "ಎರಡು ಸಲ ಸೋಪು ಹಾಕಿದ್ರೂ ಎಣ್ಣೆ ಜಿಡ್ಡು ಹೋಗಿರ್ಲಿಲ್ಲ. 'ಹನಿಸಿದ್ರಲ್ಲ, ಮತ್ತೆ ಯಾಕೆ ಮರೆತೆ ಅಂತೀರಿ' ಅಂತ ಕೇಳ್ದೆ. 'ನಿಂಗೆ ಗೊತ್ತಾಗಲ್ಲ ಬಿಡು' ಅಂದ್ರು. ನಂಗೂ ಗೊತ್ತಾಗಲ್ಲ ಅಂದ್ಕೊಂಡೆ." ಆ ಕೈಗಳನ್ನು ಸವರಿ, "ಗೊತ್ತಿಲ್ದೇ ಹೋಗಿದ್ರೆ ಪಾಪ, ತನ್ನ ಕೈ ಮೇಲೆ ತಾನೇ ಅನುಮಾನ ಇಟ್ಕೊಂಡು ಹೋದ್ರಲ್ಲೇ," ಎಂದಳು.

ಆ ಮಾತು ಮಗಳ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು. ಸ್ಮಶಾನಕ್ಕೆ ಹೋಗುವಾಗಲೂ ಇತ್ತು, ಹಿಡಿ ಮಣ್ಣು ಹಾಕುವಾಗಲೂ ಇತ್ತು. ಮಣ್ಣಿನೊಳಗೊಂದು ಸಣ್ಣ ಕಲ್ಲಿದ್ದದ್ದು ಪೆಟ್ಟಿಗೆಯ ಮೇಲೆ ಬಿದ್ದು ಟಕ್ಕೆಂದಿತು. ಒಳಗಿನಿಂದ ಯಾರೂ, ಏನದು ಶಬ್ದ, ಎಂದು ಕೇಳಲಿಲ್ಲ.

*

ಸಂಜೆ ಬಿಸಿಲು ಇಳಿಯುವ ಮುಂಚೆ ಬಂದವರೆಲ್ಲ ಹೊರಟರು. ಲೇತ್ ಚಿಕ್ಕಪ್ಪ, ಇಬ್ಬರು ಡ್ರೈವರುಗಳು ಉಳಿದರು. ಕಾರನ್ನು ಒಳಗೆ ಹಾಕಬೇಕಿತ್ತು.

"ಈಗ ಏರು," ಎಂದ ಲೇತ್ ಚಿಕ್ಕಪ್ಪ, ತೋಳು ಮಡಿಸುತ್ತಾ. "ಹಿಂದಿನಿಂದ ನಾವು ಮೂವರೂ ಬೇಕು. ನಾನು ಕಿಟಕೀಲಿ ನೇತಾಡ್ತಾ ಕೂತ್ರೆ ಆಗಲ್ಲ. ನೀನು ಸ್ಟೀರಿಂಗ್ ಹಿಡಿ ಮಗಾ. ಇನ್ನೇನು, ಹೇಳೋದೆಲ್ಲ ಹೇಳಾಯ್ತಲ್ಲ. ಕಾರು ಕಚ್ಚಲ್ಲ."

ಅವಳು ಬಾಗಿಲು ತೆರೆದಳು. ತಲೆ ಬಗ್ಗಿಸಿ ಒಳಗೆ ನುಸುಳಿದಳು.

ದಿನವೂ ಬೇರೆಯವರ ಸೀಟಿನಲ್ಲಿ ಕೂರುವ ಕೆಲಸ ಅವಳದು. ಪಾಳಿ ಬದಲಾಗಿ ಬಸ್ಸು ಹತ್ತಿ ಕೂತ ಕ್ಷಣ ಗೊತ್ತಾಗುತ್ತಿತ್ತು: ಇದು ಕುಳ್ಳನದು, ಇದು ಕಾಲುದ್ದದವನದು, ಇದು ಸೊಂಟನೋವಿನವನದು. ಕನ್ನಡಿ ಸುಳ್ಳು ಹೇಳಬಹುದು, ಸೀಟು ಹೇಳುವುದಿಲ್ಲ. ಸೀಟು ಸರಿಸುವ ಲಿವರಿಗೆ ಕೈ ಹೋಗುವ ಮುಂಚೆಯೇ ಅವಳ ಮೈ ಆ ಲೆಕ್ಕ ಮಾಡಿ ಮುಗಿಸುತ್ತಿತ್ತು. ಈಗಲೂ ಮಾಡಿತು.

ಮಂಡಿ ಸ್ಟೀರಿಂಗಿಗೆ ಒತ್ತುತ್ತಿತ್ತು. ಅಂಗಾಲು ಕ್ಲಚ್ಚನ್ನು ದಾಟಿ ಹೋಗುತ್ತಿತ್ತು. ಈ ಸೀಟನ್ನು ಕೊನೆಗೆ ತಮಗೆ ಹೊಂದಿಸಿಕೊಂಡವರು ತನಗಿಂತ ನಾಲ್ಕು ಬೆರಳು ಕುಳ್ಳು. ಕಾಲು ಸಣ್ಣದು. ದೊಡ್ಡವರಲ್ಲ. ಒಬ್ಬ ಹುಡುಗಿ.

ಆ ಭಾನುವಾರ ಅಪ್ಪ ಒಮ್ಮೆ ಒಳಗೆ ನೋಡಿ, ಬಾಗಿಲು ತೆರೆಯದೆ ಕಿಟಕಿಯಿಂದ ಕೈ ಚಾಚಿದ್ದ.

ಬಿದಿರುಗಣೆಯಂಥ ಮನುಷ್ಯ. ಮಿಡತೆಯ ಹಾಗೆ ಮಂಡಿ ಮಡಿಚಿಕೊಂಡು. ಇಪ್ಪತ್ತೊಂದು ವರ್ಷ.

ಕಚ್ಚಿಕೊಂಡಿದೆಯಂತೆ. ತುಕ್ಕಂತೆ. ಅವಳು ಸೀಟಿನ ಕೆಳಗೆ ಕೈಹಾಕಿ ಲಿವರನ್ನು ಮೆಲ್ಲನೆ ಎತ್ತಿ, ಕಾಲಿನಿಂದ ಹಿಂದಕ್ಕೆ ಒತ್ತಿದಳು. ಸೀಟು ನೀರಿನ ಮೇಲೆ ಜಾರುವ ಎಲೆಯ ಹಾಗೆ, ಒಂದು ಕಿರುಗುಟ್ಟೂ ಇಲ್ಲದೆ, ಕೊನೆಯವರೆಗೆ ಹಿಂದೆ ಸರಿಯಿತು.

ಕೈ ಹೊರಗೆ ತೆಗೆದಳು. ಬೆರಳ ತುದಿಗಳಲ್ಲಿ ಗ್ರೀಸು.

ಅಮ್ಮ ಕಿಟಕಿಯ ಬಳಿ ಬಂದು ನಿಂತಿದ್ದಳು. ಮಗಳು ಬೆರಳನ್ನು ಅವಳ ಕಡೆ ಚಾಚಿದಳು. ಮೂವತ್ತೇಳು ವರ್ಷ ಮೆಕ್ಯಾನಿಕ್ಕನ ಅಂಗಿ ಒಗೆದವಳಿಗೆ ಗ್ರೀಸಿನ ವಯಸ್ಸು ಯಾರೂ ಹೇಳಿಕೊಡಬೇಕಿರಲಿಲ್ಲ. ಅಮ್ಮ ಅದನ್ನು ತನ್ನ ಎರಡು ಬೆರಳ ನಡುವೆ ಉಜ್ಜಿ ನೋಡಿದಳು.

"ಹೊಸದು," ಎಂದಳು. "ಈ ವರ್ಷದ್ದು."

ಆಮೇಲೆ ಅವಳ ಕಣ್ಣು ಹಿಂದೆ ಸರಿದ ಸೀಟಿನ ಮೇಲೆ, ಮಗಳ ಕಾಲಿನ ಮೇಲೆ, ಸ್ಟೀರಿಂಗಿನ ಮೇಲೆ ಹೋಗಿ ಮತ್ತೆ ಮಗಳ ಮುಖಕ್ಕೆ ಬಂದು ನಿಂತಿತು.

"ಏನಾಯ್ತು ಅತ್ತಿಗೆ?" ಹಿಂದಿನಿಂದ ಲೇತ್ ಚಿಕ್ಕಪ್ಪ ಕೂಗಿದ. "ಸೀಟೇನಾದ್ರೂ ಹಿಂದೆ ಬಂತಾ?"

ಮಗಳು ಲಿವರು ಎತ್ತಿದಳು. ಸೀಟನ್ನು ಮುಂದಕ್ಕೆ ಎಳೆದಳು. ಹಳಿಯಲ್ಲಿ ಇಪ್ಪತ್ತೊಂದು ವರ್ಷ ಕೂತು ಸವೆದ ಅದೇ ಹಲ್ಲಿಗೆ ಅದು ಕಟಕ್ಕೆಂದು ಕೂತಿತು.

"ಇಲ್ಲ," ಎಂದಳು ಅಮ್ಮ. "ಅದು ಬರಲ್ಲ. ತಳ್ರಪ್ಪ."

ಕಾರು ಅಲುಗಿತು. ಮಗಳು ಮಂಡಿಗಳನ್ನು ಮಿಡತೆಯ ಹಾಗೆ ಎರಡು ಕಡೆ ಮಡಿಚಿಕೊಂಡು, ಸ್ಟೀರಿಂಗನ್ನು ಎದೆಗಾನಿಸಿ ಹಿಡಿದು, ಎಣ್ಣೆಕಪ್ಪು ನೆಲದ ಮೇಲಿನ ನಾಲ್ಕು ಚಕ್ರದ ಗುರುತಿಗೆ ಸರಿಯಾಗಿ ಗಿಣಿಯನ್ನು ಒಳಗೆ ತಂದಳು.